ರಕ್ತ ತೆಳುವಾಗುವುದಿಲ್ಲ

ಈ ಸಲ ನಾನು ಓದಿಗೆ ಎತ್ತಿಕೊಂಡಿರುವುದು ಕಾದಂಬರಿಯಲ್ಲ, ಕವನ ಸಂಕಲನವೂ ಅಲ್ಲ. ಮೂರು ಕಾಗದಗಳು. ಹೃದಯದ ಆಪರೇಷನ್ನಿಗೆ ಮುಂಚೆ ಸಹಿ ಹಾಕಿಸಿಕೊಂಡ ಒಪ್ಪಿಗೆ ಪತ್ರ, ಮನೆಗೆ ಕಳಿಸುವಾಗ ಕೊಟ್ಟ ಡಿಸ್ಚಾರ್ಜ್ ಸಾರಾಂಶ, ಗುಳಿಗೆಯ ಬಗ್ಗೆ ಸೂಚನೆಗಳಿರುವ ಒಂದು ಮಡಿಕೆ ಹಾಳೆ. ಮೂರೂ ನಮ್ಮ ಚಿಗವ್ವನವು. ಆಕೆ ಅಫಜಲಪುರ ತಾಲೂಕಿನ ಭೀಮಾ ದಂಡೆಯ ಊರಿನವಳು, ನಾಲ್ಕನೆಯ ಇಯತ್ತೆ ಓದಿದವಳು, ನಿಧಾನಕ್ಕೆ ಅಕ್ಷರ ಕೂಡಿಸಿಕೊಂಡು ಓದುತ್ತಿದ್ದವಳು. ಆಸ್ಪತ್ರೆ ಯಾವುದು ಎಂಬುದು ಇಲ್ಲಿ ಮುಖ್ಯವಲ್ಲ. ಆಮೇಲೆ ಆಳಂದ, ಜೇವರ್ಗಿ ಕಡೆಯ ನೆಂಟರಿಷ್ಟರ ಮನೆಗಳಲ್ಲಿ ಇಂಥ ಕಾಗದ ಕೇಳಿ ನೋಡಿದ್ದೇನೆ. ಬೇರೆ ಬೇರೆ ಆಸ್ಪತ್ರೆಯವಾದರೂ ಗದ್ಯ ಒಂದೇ.

ಮೊದಲು ನಡೆದದ್ದಿಷ್ಟು. ಚಿಗವ್ವನಿಗೆ ಸಣ್ಣವಳಿದ್ದಾಗ ಗಂಟಲು ಬೇನೆ, ಜ್ವರ, ಕೀಲು ಬಾವು ಬಂದು ಹೋಗಿದ್ದವು. ಆ ಜ್ವರ ಕೀಲನ್ನು ಬಿಟ್ಟು ಹೃದಯವನ್ನು ಹಿಡಿದದ್ದು ಗೊತ್ತಾದದ್ದು ಮೂವತ್ತು ವರ್ಷದ ಮೇಲೆ. ಎಡಗಡೆಯ ಮೈಟ್ರಲ್ ಕವಾಟ ಬಿಗಿದುಕೊಂಡಿತ್ತು. ಅದನ್ನು ತೆಗೆದು ಲೋಹದ ಕವಾಟ ಕೂಡಿಸಿದರು. ಕವಾಟ ಎಂಬ ಪುಸ್ತಕದ ಮಾತು ನಮ್ಮ ಕಡೆ ಕಪಾಟ ಎಂದೇ ಕೇಳಿಸುತ್ತದೆ. "ಎದ್ಯಾಗ ಕಪಾಟ ಕೂಡಿಸ್ಯಾರ, ರಾತ್ರಿ ಟಿಕ್ ಟಿಕ್ ಅಂತದ" ಎಂದು ಆಕೆಯೇ ನಗುತ್ತ ಹೇಳುತ್ತಿದ್ದಳು. ಹತ್ತು ತಿಂಗಳು ಚೆನ್ನಾಗಿದ್ದಳು. ತೊಗರಿ ಕೊಯ್ಲಿನ ಹೊತ್ತಿಗೆ ಕುಡಗೋಲು ಬೆರಳಿಗೆ ತಾಗಿತು. ರಕ್ತ ನಿಲ್ಲಲು ಬಹಳ ಹೊತ್ತು ಹಿಡಿಯಿತು. ನೋಡಿದವರು "ಗುಳಿಗಿ ನುಂಗಿ ನುಂಗಿ ರಕ್ತ ನೀರಾಗ್ಯಾದ, ಇನ್ನ ಕೆಲಸ ಹ್ಯಾಂಗ ಆಗತದ" ಅಂದರು. ಚಿಗವ್ವ ಗುಳಿಗೆ ಬಿಟ್ಟಳು. ಮೂರು ವಾರಕ್ಕೆ ಲಕ್ವಾ ಹೊಡೆಯಿತು. ಬಲಗೈ ಹೋಯಿತು, ಅದರ ಜೊತೆಗೆ ಮಾತೂ ಹೋಯಿತು.

ಗುಳಿಗೆ ಬಿಟ್ಟದ್ದು ಆಕೆಯ ಅಜ್ಞಾನ ಎಂದು ಎಲ್ಲರೂ ಹೇಳಿದರು. ಕಾಗದಗಳನ್ನು ಮತ್ತೆ ಮತ್ತೆ ಓದಿದ ಮೇಲೆ ನನಗೆ ಹಾಗನಿಸುವುದಿಲ್ಲ. ಆಕೆ ತನಗೆ ಕೊಟ್ಟ ಪಠ್ಯವನ್ನು ಸರಿಯಾಗಿಯೇ ಓದಿದ್ದಳು. ಪಠ್ಯವೇ ತಪ್ಪಾಗಿತ್ತು.

ಒಪ್ಪಿಗೆ ಪತ್ರದಿಂದ ಶುರು ಮಾಡೋಣ. ಅದು ಉತ್ತಮ ಪುರುಷದಲ್ಲಿದೆ. 'ನನಗೆ ಅರ್ಥವಾಗುವ ಭಾಷೆಯಲ್ಲಿ ವಿವರಿಸಲಾಗಿದೆ' ಎನ್ನುತ್ತದೆ. ಈ 'ನಾನು' ಯಾರು? ಬರೆದವರು ಆಸ್ಪತ್ರೆಯವರು, ಮಾತಾಡುತ್ತಿರುವವಳು ಚಿಗವ್ವ. ನಾಟಕದಲ್ಲಾದರೆ ಪಾತ್ರದ ಮಾತನ್ನು ಕವಿ ಬರೆದುಕೊಡುತ್ತಾನೆ, ಅದು ನಮಗೆಲ್ಲ ಗೊತ್ತಿರುತ್ತದೆ. ಇಲ್ಲಿ ಬರೆದುಕೊಟ್ಟ ಮಾತೇ ಸಾಕ್ಷಿಯಾಗುತ್ತದೆ. ಆ ವಾಕ್ಯದಲ್ಲಿ ವಿವರಿಸಿದವರು ಮಾತ್ರ ಇಲ್ಲ. ಕರ್ಮಣಿ ಪ್ರಯೋಗ ಅವರನ್ನು ನುಂಗಿಬಿಟ್ಟಿದೆ. ಸುಪ್ರೀಂ ಕೋರ್ಟು 2008ರ ಸಮೀರಾ ಕೊಹ್ಲಿ ಪ್ರಕರಣದಲ್ಲಿ, ಚಿಕಿತ್ಸೆಯ ಸ್ವರೂಪ, ಉದ್ದೇಶ, ಬೇರೆ ದಾರಿಗಳು, ಗಣನೀಯವಾದ ಅಪಾಯಗಳು, ಚಿಕಿತ್ಸೆ ಬೇಡವೆಂದರೆ ಆಗುವ ಪರಿಣಾಮ, ಇವನ್ನು ರೋಗಿಗೆ ತಿಳಿಸಿಯೇ ಒಪ್ಪಿಗೆ ಪಡೆಯಬೇಕು ಎಂದಿತು. ತೀರಾ ಅಪರೂಪದ ಅಪಾಯಗಳನ್ನೆಲ್ಲ ಹೇಳಿ ಹೆದರಿಸಬೇಕಿಲ್ಲ ಎಂದೂ ಹೇಳಿತು. ನ್ಯಾಯವಾದ ಮಾತು. ಆದರೆ ಲೋಹದ ಕವಾಟದವರಿಗೆ ಲಕ್ವಾ ಅಪರೂಪದ ಅಪಾಯವಲ್ಲ.

ಪತ್ರದಲ್ಲಿ ಅದರ ಪ್ರಸ್ತಾಪ ಇಲ್ಲವೆಂದಲ್ಲ. 'ಶಸ್ತ್ರಚಿಕಿತ್ಸೆಯ ಸಮಯದಲ್ಲಿ ಅಥವಾ ನಂತರ ಪಾರ್ಶ್ವವಾಯು ಸಂಭವಿಸಬಹುದು' ಎಂಬ ಒಂದು ಸಾಲಿದೆ. ನಾನು ಈ 'ನಂತರ' ಎಂಬ ಪದದ ಮೇಲೆ ಬಹಳ ದಿನ ಕೂತಿದ್ದೇನೆ. ಆಪರೇಷನ್ ಹೊತ್ತಿನ ಅಪಾಯ ಒಂದು ಜಾತಿಯದು: ಮಹಾಧಮನಿಗೆ ಚಿಮಟ ಹಾಕಿ ತೆಗೆಯುವಾಗ ಅದರ ಗೋಡೆಗಂಟಿದ ಚೂರು ಕಳಚಿ ಮಿದುಳಿಗೆ ಹೋಗಬಹುದು, ಹೃದಯದೊಳಗೆ ಉಳಿದ ಗಾಳಿ ಹೋಗಬಹುದು. ಅದು ಕೆಲವು ದಿನಗಳ ಭಯ, ಅದನ್ನು ನೋಡಿಕೊಳ್ಳುವವರು ವೈದ್ಯರು. ಇನ್ನೊಂದು ಅಪಾಯ ಕವಾಟದ್ದೇ. ಅದು ಸಾಯುವ ತನಕ ಇರುತ್ತದೆ, ಅದನ್ನು ನೋಡಿಕೊಳ್ಳಬೇಕಾದವಳು ಚಿಗವ್ವ. ಹಲವು ಅಧ್ಯಯನಗಳನ್ನು ಕೂಡಿಸಿ 1994ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆಯ ಪ್ರಕಾರ, ಲೋಹದ ಕವಾಟವಿದ್ದು ಹೆಪ್ಪು ತಡೆಯುವ ಮದ್ದು ತೆಗೆದುಕೊಳ್ಳದವರಲ್ಲಿ ವರ್ಷಕ್ಕೆ ನೂರರಲ್ಲಿ ಸುಮಾರು 4 ಜನಕ್ಕೆ ಹೆಪ್ಪಿನ ತುಣುಕು ಹೋಗಿ ದೊಡ್ಡ ಅನಾಹುತವಾಗುತ್ತದೆ. ವಾರ್ಫರಿನ್ ಜಾತಿಯ ಗುಳಿಗೆ ತೆಗೆದುಕೊಂಡರೆ ಅದು 1ಕ್ಕೆ ಇಳಿಯುತ್ತದೆ. ಮೈಟ್ರಲ್ ಜಾಗದ ಕವಾಟಕ್ಕೆ ಅಪಾಯ ಇನ್ನೂ ಹೆಚ್ಚು. ಈ 4 ಮತ್ತು 1ರ ನಡುವಿನ ಅಂತರವನ್ನು ದಿನಕ್ಕೊಂದು ಗುಳಿಗೆ ನುಂಗಿ ಕಾಯಬೇಕು. ಇಷ್ಟೆಲ್ಲವನ್ನೂ 'ನಂತರ' ಎಂಬ ಮೂರಕ್ಷರದೊಳಗೆ ತುರುಕಿಟ್ಟಿದ್ದಾರೆ.

ಇನ್ನು 'ಪಾರ್ಶ್ವವಾಯು'. ಒಳ್ಳೆಯ ಸಂಸ್ಕೃತ ಶಬ್ದ, ನಿಘಂಟಿನಲ್ಲಿ ಚೆಂದ. 1948ರ ತನಕ ನಿಜಾಮರ ಆಳ್ವಿಕೆಯಲ್ಲಿದ್ದ, ಉರ್ದುವಿನಲ್ಲಿ ಶಾಲೆ ಕಚೇರಿ ಕಂಡ ಈ ಸೀಮೆಯಲ್ಲಿ ಆಸ್ಪತ್ರೆ ದವಾಖಾನಿ, ರೋಗ ಬಿಮಾರಿ, ಪಾರ್ಶ್ವವಾಯು ಲಕ್ವಾ. ಆಳಂದದ ಸಂತೆಯಲ್ಲಾಗಲಿ ಜೇವರ್ಗಿಯ ಬಸ್‌ಸ್ಟ್ಯಾಂಡಿನಲ್ಲಾಗಲಿ ಲಕ್ವಾ ಎಂದರೆ ಲಿಂಗಾಯತರ ಮುದುಕಿಗೂ ಮುಸಲ್ಮಾನರ ಹುಡುಗನಿಗೂ ತಿಳಿಯುತ್ತದೆ, ಇಬ್ಬರೂ ಹೆದರುತ್ತಾರೆ. ಪಾರ್ಶ್ವವಾಯು ಎಂದರೆ ಚಿಗವ್ವ ವಾಯು ಎಂಬುದನ್ನಷ್ಟೇ ಹಿಡಿದುಕೊಂಡಳು. ಹೊಟ್ಟೆಯ ವಾಯುವಿಗೆ ಅಜವಾನ ಇದೆಯಲ್ಲ! ಹೆದರಿಸಬೇಕಾದ ಕಡೆ ಹೆದರಿಸದ ಮಾತು ಅದು.

ಮೂರನೆಯ ಕಾಗದದ್ದು ಇದಕ್ಕಿಂತ ದೊಡ್ಡ ತಪ್ಪು. 'ಇದು ರಕ್ತವನ್ನು ತೆಳುವಾಗಿಸುವ ಮಾತ್ರೆ' ಎಂದು ಬರೆದಿದ್ದಾರೆ. ಇಂಗ್ಲಿಷಿನವರು ಆಡುಮಾತಿನಲ್ಲಿ ಹಾಗೆ ಹೇಳುತ್ತಾರೆ, ಹಿಂದಿಯವರು ಪತಲಾ ಎಂದರು, ನಾವು ತೆಳು ಎಂದೆವು. ಆದರೆ ಈ ಗುಳಿಗೆ ರಕ್ತವನ್ನು ತೆಳುವಾಗಿಸುವುದೇ ಇಲ್ಲ. ರಕ್ತ ಎಷ್ಟು ದಪ್ಪವಿತ್ತೋ ಅಷ್ಟೇ ಇರುತ್ತದೆ. ಹೆಪ್ಪುಗಟ್ಟಲು ಬೇಕಾದ ಕೆಲವು ಅಂಶಗಳನ್ನು ಯಕೃತ್ತು ಕೆ ಜೀವಸತ್ವದ ನೆರವಿನಿಂದ ತಯಾರಿಸುತ್ತದೆ; ಗುಳಿಗೆ ಆ ನೆರವನ್ನು ಕಡಿಮೆ ಮಾಡುತ್ತದೆ, ಅಷ್ಟೇ. ಇಂಗ್ಲಿಷಿನಲ್ಲಿ ಸತ್ತುಹೋದ ರೂಪಕ ಕನ್ನಡಕ್ಕೆ ಬಂದು ಜೀವ ಪಡೆದುಬಿಟ್ಟಿತು. ನಮ್ಮಲ್ಲಿ ರಕ್ತಕ್ಕೂ ಕಸುವಿಗೂ ನಂಟು. ಹಾಲು ತೆಳುವಾದರೆ ನೀರು ಬೆರೆಸಿದ್ದಾರೆ ಎಂದು, ಸಾರು ತೆಳುವಾದರೆ ಬೇಳೆ ಕಡಿಮೆ ಎಂದು. ದುಡಿದು ತಿನ್ನುವ ಹೆಂಗಸು ತನ್ನ ರಕ್ತವನ್ನು ತೆಳು ಮಾಡುವ ಗುಳಿಗೆಯನ್ನು ಜೀವನಪೂರ್ತಿ ಯಾಕೆ ನುಂಗಬೇಕು? ಬೆರಳು ಕೊಯ್ದ ದಿನ ರಕ್ತ ಬೇಗ ನಿಲ್ಲದಿದ್ದದ್ದು ಗುಳಿಗೆ ತನ್ನ ಕೆಲಸ ಮಾಡುತ್ತಿದೆ ಎಂಬುದರ ಗುರುತಾಗಿತ್ತು. ಆ ಒಂದು ಪದದಿಂದಾಗಿ ಅದು ರಕ್ತ ನೀರಾದದ್ದರ ಗುರುತಾಯಿತು.

ಕನ್ನಡದಲ್ಲಿ ಇದಕ್ಕೆ ಮಾತಿಲ್ಲವೇ? ಇದೆ, ಅಡುಗೆಮನೆಯಲ್ಲೇ ಇದೆ: ಹೆಪ್ಪು. ಡಿಸ್ಚಾರ್ಜ್ ಕಾಗದದಲ್ಲಿ 'ಥ್ರಾಂಬೋಎಂಬಾಲಿಸಂ' ಎಂದು ಬರೆದದ್ದನ್ನು ಚಿಗವ್ವನಿಗೆ ಎರಡು ಮಾತಿನಲ್ಲಿ ಹೇಳಬಹುದಿತ್ತು. ಹೆಪ್ಪು ಹಾಕಿದ ಹಾಲನ್ನು ಅಲುಗಾಡಿಸಬಾರದು, ಅಲುಗಾಡಿಸಿದರೆ ಮೊಸರು ಸರಿಯಾಗಿ ಕೂರುವುದಿಲ್ಲ. ರಕ್ತವೂ ಎಲ್ಲಿ ನಿಲ್ಲುತ್ತದೋ ಅಲ್ಲಿ ಹೆಪ್ಪುಗಟ್ಟುತ್ತದೆ. ಬಿಗಿದ ಕವಾಟದ ಹಿಂದೆ ಉಬ್ಬಿದ ಮೇಲಿನ ಕೋಣೆಯಲ್ಲಿ, ಬಡಿತ ತಾಳ ತಪ್ಪಿದಾಗ ಅದರ ಮೂಲೆಯ ಚೀಲದಲ್ಲಿ, ಲೋಹದ ಕವಾಟದ ತಿರುಗಣಿಯ ಸಂದಿಯಲ್ಲಿ ರಕ್ತ ಮಂದವಾಗುತ್ತದೆ. ಪರಕೀಯ ಲೋಹವನ್ನು ಕಂಡರೆ ರಕ್ತ ಅದನ್ನು ಗಾಯವೆಂದೇ ತಿಳಿದು ಮುಚ್ಚಲು ಹೋಗುತ್ತದೆ. ಹಾಗೆ ಕಟ್ಟಿದ ಹೆಪ್ಪಿನ ತುಣುಕು ಕಳಚಿ ಮಿದುಳಿನ ನಾಳದಲ್ಲಿ ಸಿಕ್ಕಿಕೊಂಡರೆ ಲಕ್ವಾ. ಹೋಲಿಕೆ ಪೂರ್ತಿ ಸರಿಯಲ್ಲ, ಗೊತ್ತು: ಮೊಸರಿನ ಹೆಪ್ಪು ಬೇರೆ ಬಗೆಯದು, ಅಲ್ಲಿ ಜೀವಾಣುಗಳಿವೆ. ಆದರೂ 'ಹೆಪ್ಪುಗಟ್ಟದಂತೆ ಕಾಯುವ ಗುಳಿಗೆ' ಎಂದಿದ್ದರೆ ಆಕೆ ಬಿಡುತ್ತಿರಲಿಲ್ಲ ಎಂದು ನನ್ನ ನಂಬಿಕೆ. ತೆಳು ಎಂಬುದು ಏನನ್ನೋ ಕಳೆಯುವ ಮಾತು; ಕಾಯುವುದು ಉಳಿಸುವ ಮಾತು.

ಈ ಗುಳಿಗೆಯ ಹುಟ್ಟೇ ದನದ ಕೊಟ್ಟಿಗೆಯಲ್ಲಿ ಎಂಬುದನ್ನು ಯಾವ ಕಾಗದವೂ ಹೇಳುವುದಿಲ್ಲ. 1920ರ ದಶಕದಲ್ಲಿ ಕೆನಡಾ ಮತ್ತು ಉತ್ತರ ಅಮೆರಿಕದ ಬಯಲಿನಲ್ಲಿ ಬೂಸ್ಟು ಹಿಡಿದ ಸ್ವೀಟ್ ಕ್ಲೋವರ್ ಹುಲ್ಲು ತಿಂದ ದನಗಳು ಸಣ್ಣ ಗಾಯಕ್ಕೂ ರಕ್ತ ನಿಲ್ಲದೆ ಸಾಯತೊಡಗಿದವು. 1933ರ ಚಳಿಗಾಲದಲ್ಲಿ ವಿಸ್ಕಾನ್ಸಿನ್ನಿನ ರೈತನೊಬ್ಬ ಸತ್ತ ಕರುವನ್ನೂ ಹೆಪ್ಪುಗಟ್ಟದ ರಕ್ತವನ್ನು ತುಂಬಿದ ಹಾಲಿನ ಕ್ಯಾನನ್ನೂ ಹೇರಿಕೊಂಡು ಹಿಮದಲ್ಲಿ ವಿಶ್ವವಿದ್ಯಾಲಯಕ್ಕೆ ಬಂದ. ಕಾರ್ಲ್ ಪಾಲ್ ಲಿಂಕ್ ಎಂಬ ರಸಾಯನಶಾಸ್ತ್ರಜ್ಞ ತನ್ನ ಜೊತೆಗಾರರ ಸಂಗಡ ವರ್ಷಗಟ್ಟಲೆ ದುಡಿದು ಕಾರಣ ಹುಡುಕಿದ. ಅದರ ಬೆನ್ನಿಗೆ ಬಂದ ವಾರ್ಫರಿನ್ 1948ರಲ್ಲಿ ಇಲಿ ಪಾಷಾಣವಾಗಿ ಪೇಟೆಗೆ ಬಂತು, 1954ರಲ್ಲಿ ಮನುಷ್ಯರ ಮದ್ದಾಯಿತು. ಎಮ್ಮೆ ಕಟ್ಟಿದ ಮನೆಯ ಚಿಗವ್ವನಿಗೆ ಈ ಕತೆಯಲ್ಲಿ ತಿಳಿಯದ್ದು ಏನಿದೆ? ಆ ರೈತನ ಕ್ಯಾನಿನ ರಕ್ತ ತೆಳುವಾಗಿರಲಿಲ್ಲ, ಹೆಪ್ಪುಗಟ್ಟದೆ ಉಳಿದಿತ್ತು. ಇಲಿ ಪಾಷಾಣದ ಮಾತು ಹೇಳಿದರೆ ಹೆದರಿ ಬಿಟ್ಟಾರು ಎನ್ನುವವರಿದ್ದಾರೆ. ಹೇಳದೆಯೂ ಬಿಟ್ಟಳಲ್ಲ.

'ತೆಳು' ಇನ್ನೊಂದು ಅನಾಹುತಕ್ಕೂ ದಾರಿ ಮಾಡುತ್ತದೆ. ಸ್ಟೆಂಟ್ ಹಾಕಿಸಿಕೊಂಡವರು ನುಂಗುವ ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಗುಳಿಗೆಗಳ ಕೆಲಸ ಬೇರೆ. ಅವು ರಕ್ತದ ಕಿರುಬಿಲ್ಲೆಗಳು ಒಂದಕ್ಕೊಂದು ಅಂಟುವುದನ್ನು ತಡೆಯುತ್ತವೆ. ಅವಕ್ಕೂ ನಮ್ಮ ಕಡೆ ಇದೇ ಹೆಸರು, ರಕ್ತ ತೆಳ್ಳಗ ಮಾಡೋ ಗುಳಿಗಿ. ಜೇವರ್ಗಿಯ ಕಡೆಯ ಒಬ್ಬರು, ಕವಾಟದವರು, ತಮ್ಮ ಗುಳಿಗೆ ತೀರಿದಾಗ ಸ್ಟೆಂಟಿನ ಅಣ್ಣನ ಡಬ್ಬಿಯಿಂದ ಎರಡು ತೆಗೆದುಕೊಂಡೆ ಎಂದು ನನಗೆ ಸಹಜವಾಗಿ ಹೇಳಿದರು. ಹೆಸರು ಒಂದಾದರೆ ಮದ್ದೂ ಒಂದೇ ಎಂಬುದು ಅವರ ತರ್ಕ. ತಪ್ಪೆನ್ನಲು ಅವರ ಕೈಯ ಕಾಗದದಲ್ಲಿ ಏನೂ ಇರಲಿಲ್ಲ. ಹೊಸ ಗುಳಿಗೆ ಬಂದಿವೆಯಂತಲ್ಲ, ರಕ್ತ ಪರೀಕ್ಷೆಯ ಕಾಟವಿಲ್ಲವಂತಲ್ಲ ಎಂದು ಕೇಳುವ ಓದುಬಂದವರೂ ಇದ್ದಾರೆ. ಲೋಹದ ಕವಾಟದವರಲ್ಲಿ ಡಾಬಿಗಾಟ್ರಾನ್ ಪ್ರಯೋಗಿಸಿದ ಅಧ್ಯಯನವನ್ನು ಹೆಪ್ಪು, ರಕ್ತಸ್ರಾವ ಎರಡೂ ಹೆಚ್ಚಾದ್ದರಿಂದ ನಡುವೆಯೇ ನಿಲ್ಲಿಸಬೇಕಾಯಿತು. ಅದರ ವರದಿ 2013ರಲ್ಲಿ ಬಂತು. ಗಂಟಲು ಜ್ವರದಿಂದ ಕವಾಟ ಕೆಟ್ಟು ಬಡಿತ ತಾಳ ತಪ್ಪಿದ, ಭಾರತವೂ ಸೇರಿ 24 ದೇಶಗಳ 4500ಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದ ಇನ್ವಿಕ್ಟಸ್ ಅಧ್ಯಯನ (2022) ಕೂಡ ರಿವರಾಕ್ಸಬಾನ್‌ಗಿಂತ ಹಳೆಯ ಗುಳಿಗೆಯವರಲ್ಲೇ ಸಾವು ಕಡಿಮೆ ಎಂದು ಕಂಡಿತು. ಚಿಗವ್ವನಂಥವರಿಗೆ ಹಳೆಯದೇ ಗತಿ, ಅದರೊಂದಿಗೆ ಪರೀಕ್ಷೆಯೂ.

ಮಡಿಕೆ ಹಾಳೆಯ ಊಟದ ಪಟ್ಟಿಯನ್ನು ಮಾತ್ರ ನಗದೆ ಓದಲಾರೆ. ಬ್ರೊಕೊಲಿ, ಕೇಲ್, ಗ್ರೀನ್ ಟೀ ತ್ಯಜಿಸಿ ಎಂದಿದೆ. ಅಫಜಲಪುರದ ಊರಲ್ಲಿ ಬ್ರೊಕೊಲಿ ತ್ಯಜಿಸುವುದು ಸುಲಭ. ಆದರೆ ಎಳ್ಳಮಾಸಿಗೆ ಹೊಲದಲ್ಲಿ ಚರಗ ಚೆಲ್ಲಿ ಸಜ್ಜಿ ರೊಟ್ಟಿಯ ಜೊತೆ ಉಣ್ಣುವ ಭಜ್ಜಿ? ಮೆಂತ್ಯೆ, ಪಾಲಕ, ಕಡಲೆ ಸೊಪ್ಪು, ಹಸಿ ಕಾಳು ಎಲ್ಲ ಹಾಕಿ ಕುದಿಸಿದ್ದು, ವಾರಗಟ್ಟಲೆ ಮನೆಮನೆಗೆ ಬೀರಿದ್ದು. ಸೊಪ್ಪಿನಲ್ಲಿ ಕೆ ಜೀವಸತ್ವ ತುಂಬಿರುತ್ತದೆ. ಒಮ್ಮೆಲೇ ಹೆಚ್ಚು ತಿಂದರೆ ಗುಳಿಗೆಯ ಬಲ ಇಳಿಯುತ್ತದೆ. ಪಲ್ಯ ಬಿಡಬೇಕೆಂದಲ್ಲ, ದಿನಾ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ತಿನ್ನಬೇಕು ಎನ್ನುವುದು ಸರಿಯಾದ ಸಲಹೆ. ಅನುವಾದಕರು ಈ ನೆಲದ ಒಂದು ಊಟವನ್ನೂ ಕಂಡಿಲ್ಲ.

ವೈದ್ಯರ ಮೇಲೆ ಹೊರಿಸಿ ಕೈತೊಳೆದುಕೊಳ್ಳಲಾರೆ. ಹೊರಗೆ ನೂರು ಜನ ಕಾಯುತ್ತಿರುವಾಗ ಒಬ್ಬರಿಗೆ ಐದು ನಿಮಿಷ ಸಿಕ್ಕರೆ ಹೆಚ್ಚು. ಬರೆಯುವವರಾದ ನಾವು ಏನು ಮಾಡಿದ್ದೇವೆ? ಅನುಪಮಾ ನಿರಂಜನ 'ತಾಯಿ-ಮಗು' ಬರೆದರು, ರಾಶಿ ಮನಸ್ಸಿನ ಕಾಯಿಲೆಗಳನ್ನು ನಗುನಗುತ್ತಲೇ ತಿಳಿಸಿದರು, ಡಿ.ಎಸ್. ಶಿವಪ್ಪ ವೈದ್ಯಕೀಯ ಪದಗಳಿಗೆ ಕನ್ನಡ ಹುಡುಕುತ್ತ ವರ್ಷಗಳನ್ನು ಕೊಟ್ಟರು. ದೊಡ್ಡ ಕೆಲಸಗಳೇ. ಆದರೆ ಆ ಗದ್ಯ ಮೈಸೂರು ಬೆಂಗಳೂರಿನದು. ಲಕ್ವಾ, ದವಾಖಾನಿ, ಗುಳಗಿಗಳಿಗೆ ಅದರಲ್ಲಿ ಜಾಗವಿಲ್ಲ. ನಮ್ಮ ಭಾಗದ ಕತೆಗಾರರು ಈ ಭಾಷೆಯನ್ನು ಸಂಭಾಷಣೆಯಲ್ಲಿ ತಂದರು, ವಿವರಣೆಯ ಗದ್ಯಕ್ಕೆ ಬಂದಾಗ ಮತ್ತೆ ಪುಸ್ತಕದ ಕನ್ನಡಕ್ಕೇ ಹೋದರು. ನಾನೂ ಈ ಲೇಖನವನ್ನು ಹಾಗೆಯೇ ಬರೆಯುತ್ತಿದ್ದೇನೆ. ಕಲಬುರಗಿಯಲ್ಲಿ 2024ರ ಡಿಸೆಂಬರಿನಲ್ಲಿ ಜಯದೇವ ಹೃದ್ರೋಗ ಸಂಸ್ಥೆಯ ಹೊಸ ಆಸ್ಪತ್ರೆ ಉದ್ಘಾಟನೆಯಾಯಿತು. 371 ಹಾಸಿಗೆ, ಹಾಸಿಗೆಯ ಲೆಕ್ಕದಲ್ಲೇ 371ಜೆ ವಿಧಿಯ ನೆನಪು. ಆಳಂದದವರಿಗೂ ಜೇವರ್ಗಿಯವರಿಗೂ ಸುಮಾರು ನಲವತ್ತು ಕಿಲೋಮೀಟರಿನಲ್ಲಿ ಇಷ್ಟು ದೊಡ್ಡ ಆಸರೆ ಸಿಕ್ಕಿದ್ದು ಸಣ್ಣ ಮಾತಲ್ಲ. ಇನ್ನು ಇಲ್ಲಿ ಆಪರೇಷನ್ ಆಗುವವರು ಹೆಚ್ಚುತ್ತಾರೆ, ಗುಳಿಗೆ ಹಿಡಿದು ಹಳ್ಳಿಗೆ ಮರಳುವವರೂ ಹೆಚ್ಚುತ್ತಾರೆ. ಅವರ ಕೈಗೆ ಕೊಡುವ ಕಾಗದ ಯಾವ ಕನ್ನಡದಲ್ಲಿರುತ್ತದೆ?

ಹೋದ ತಿಂಗಳು ನಾನು, ಚಿಗವ್ವನ ಮಗಳು ಕೂತು ಒಂದು ಹಾಳೆ ಬರೆದೆವು. ನಾನು 'ಈ ಗುಳಿಗೆಯನ್ನು ತಪ್ಪದೆ ಸೇವಿಸಬೇಕು' ಎಂದು ಬರೆದದ್ದನ್ನು ಆಕೆ ಹೊಡೆದುಹಾಕಿ, "ಅಣ್ಣಾ, ಸೇವಿಸೋದು ಯಾರರ ಅಂತಾರೇನು?" ಎಂದು ತಾನೇ ಬರೆದಳು: 'ಈ ಗುಳಗಿ ಹೆಪ್ಪ ಆಗದಂಗ ಕಾಯತದ. ಒಂದಿನಾನೂ ಬಿಡಬ್ಯಾಡ್ರಿ. ಬಿಟ್ರ ಲಕ್ವಾ ಹೊಡಿತದ. ರಕ್ತ ಹೋಗಿ ನಿಲ್ಲಲಿಲ್ಲಂದ್ರ, ಸಂಡಾಸ ಕರ್ರಗ ಬಂತಂದ್ರ ಡಾಕ್ಟರ ಕಡಿ ಹೋಗ್ರಿ, ನೀವಾಗೆ ಬಿಡಬ್ಯಾಡ್ರಿ.' ನಾಲ್ಕೇ ಸಾಲು. ಚಿಗವ್ವನಿಗೆ ಓದಿ ಹೇಳಿದೆವು. ಆಕೆಗೆ ಈಗ ತಿಳಿಯುತ್ತದೆ, ಹೇಳಲು ಆಗುವುದಿಲ್ಲ. ಎಡಗೈಯನ್ನು ಲಕ್ವಾ ಎಂದು ಬರೆದ ಕಡೆ ಇಟ್ಟು ಸುಮ್ಮನೆ ಕೂತಳು.

ಒಂದು ಪದ ಮಾತ್ರ ನಮಗೆ ಸಿಕ್ಕಿಲ್ಲ. ಹೆಪ್ಪು ಎಷ್ಟು ನಿಧಾನಕ್ಕೆ ಕಟ್ಟುತ್ತಿದೆ ಎಂದು ಅಳೆಯುವ ಐಎನ್‌ಆರ್ ಪರೀಕ್ಷೆಗೆ ಕನ್ನಡ ಏನು? ಮೈಟ್ರಲ್ ಜಾಗದ ಲೋಹದ ಕವಾಟಕ್ಕೆ ಅದು ಸಾಮಾನ್ಯವಾಗಿ ಎರಡೂವರೆಯಿಂದ ಮೂರೂವರೆಯ ನಡುವೆ ಇರಬೇಕು. ತಂಗಿ ಅದನ್ನು ನಂಬರ್ ಎಂದಷ್ಟೇ ಕರೆಯುತ್ತಾಳೆ. ನಿನ್ನೆ ಫೋನ್ ಮಾಡಿದ್ದಳು. "ಅಣ್ಣಾ, ಅವ್ವಂದು ಈ ಸಲ ನಂಬರ್ ಎರಡು ಪಾಯಿಂಟ್ ಎಂಟು ಬಂದದ" ಎಂದಳು.