ಮೂವತ್ತು ದಾಟಿದ ಮೇಲೆ ಕವಿತೆ

ಮೂವತ್ತು ದಾಟಿದ ಮೇಲೆ ಕವಿತೆ ಬರೆಯೋಕೆ ಕೂತವರಿಗೆ ಎಲ್ಲರೂ ಕೊಡುವ ಸಲಹೆ ಒಂದೇ: "ಮನಸ್ಸಿಗೆ ಬಂದದ್ದನ್ನ ಬರೀರಿ, ಛಂದಸ್ಸೆಲ್ಲ ಈಗ ಯಾರು ನೋಡ್ತಾರೆ?" ಹಾಗೆ ಬರೆದದ್ದು ದಿನಾ ನಮ್ಮ ಫೋನಿಗೆ ಬರುತ್ತೆ. ಅಮ್ಮ, ಮಳೆ, ಬಿಟ್ಟು ಬಂದ ಊರು. ಭಾವನೆ ಸುಳ್ಳಲ್ಲ. ಆದರೆ ಸಾಲು ಅಲ್ಲೇ ಯಾಕೆ ಮುರೀತು ಅನ್ನೋದಕ್ಕೆ ಕಾರಣ ಇರಲ್ಲ. ಸೇರಿಸಿ ಓದಿದರೆ ಒಳ್ಳೆಯ ಕಾಗದದ ಒಂದು ಪ್ಯಾರಾ ಅಷ್ಟೆ. ತಡವಾಗಿ ಶುರು ಮಾಡಿದವರಿಗೆ ಭಾವನೆಯ ಬರ ಇಲ್ಲ. ಪಳಗಬೇಕಾದ್ದು ಕಿವಿ.

ಕನ್ನಡದಲ್ಲಿ ಇದಕ್ಕೆ ದೊಡ್ಡ ಉದಾಹರಣೆ ಬಿ.ಎಂ.ಶ್ರೀ. 1884ರಲ್ಲಿ ಹುಟ್ಟಿದ ಅವರು ಮೈಸೂರಿನಲ್ಲಿ ಇಂಗ್ಲಿಷ್ ಮೇಷ್ಟ್ರು. 'ಇಂಗ್ಲಿಷ್ ಗೀತಗಳು' ಪುಸ್ತಕವಾಗಿ ಬಂದದ್ದು 1926ರಲ್ಲಿ, ಅವರ 42ನೇ ವಯಸ್ಸಿಗೆ. ಅದರಲ್ಲಿ ಹೆಚ್ಚಿನವು ಅನುವಾದಗಳು. ನಾವು ಶಾಲೆಯಲ್ಲಿ ಹಾಡಿದ, ಬೆಳಕನ್ನು ಕರೆಯುವ ಆ ಪ್ರಾರ್ಥನೆಯೂ ನ್ಯೂಮನ್‌ನ ಇಂಗ್ಲಿಷ್ ಪದ್ಯದ ಅನುವಾದ. ಎಷ್ಟು ಜನಕ್ಕೆ ಅದು ಗೊತ್ತಿದೆ?

ಅನುವಾದಕ್ಕೆ ಕೂತವರಿಗೆ ಏನು ಹೇಳಬೇಕು ಅನ್ನೋ ಚಿಂತೆ ಇಲ್ಲ. ಹೇಗೆ ಅನ್ನೋದೊಂದೇ ಪ್ರಶ್ನೆ. ಇಂಗ್ಲಿಷ್ ಪದ್ಯ ನಡೆಯೋದು ಉಚ್ಚಾರದ ಒತ್ತಿನ ಮೇಲೆ, ಕನ್ನಡದ್ದು ಮಾತ್ರೆಗಳ ಎಣಿಕೆಯ ಮೇಲೆ. ಶ್ರೀಯವರು ನಮ್ಮದೇ ಮೂರು, ನಾಲ್ಕು, ಐದು ಮಾತ್ರೆಯ ಗುಂಪುಗಳನ್ನು ಹಿಡಿದು ಹೊಸ ಅಳತೆಯ ಸಾಲು ಕಟ್ಟಿದರು. ಪ್ರತಿ ಸಾಲಿನ ಎರಡನೇ ಅಕ್ಷರ ಹೊಂದಲೇಬೇಕು ಅನ್ನೋ ಪ್ರಾಸದ ಹಟ ಬಿಟ್ಟರು. ಅದನ್ನು ಮಂಜೇಶ್ವರದ ಗೋವಿಂದ ಪೈಗಳು ಮೊದಲೇ ಬಿಟ್ಟಿದ್ದರು ಅನ್ನೋದೂ ನೆನಪಿರಲಿ. ಶ್ರೀಯವರ ಸ್ವಂತ ಪದ್ಯಗಳು ಈ ಅನುವಾದಗಳಷ್ಟು ನಾಲಿಗೆಯ ಮೇಲೆ ನಿಲ್ಲಲಿಲ್ಲ, ನಿಜ. ಆದರೆ ಅವರು ಹದ ಮಾಡಿಕೊಟ್ಟ ನೆಲದಲ್ಲಿ ಒಂದು ತಲೆಮಾರೇ ಬೆಳೆ ತೆಗೀತು.

ಡಿ.ವಿ.ಜಿ.ಯವರದು ಇನ್ನೊಂದು ದಾರಿ. ಮೆಟ್ರಿಕ್ ಪಾಸಾಗದ ಪತ್ರಕರ್ತ. 'ವಸಂತ ಕುಸುಮಾಂಜಲಿ' 1922ರಲ್ಲಿ, 35ರ ವಯಸ್ಸಿನಲ್ಲಿ ಬಂತು. 'ಮಂಕುತಿಮ್ಮನ ಕಗ್ಗ' 1943ರಲ್ಲಿ, 56ಕ್ಕೆ. ಸುತ್ತಮುತ್ತ ಎಲ್ಲರೂ ಬಿಟ್ಟ ಪ್ರಾಸವನ್ನು ಕಗ್ಗ ಬಿಡಲಿಲ್ಲ. ನಾಲ್ಕೇ ಸಾಲು, ಕೊನೆಗೆ ಅದೇ ಹೆಸರು. ಎಲ್ಲ ಪದ್ಯವೂ ಒಂದೇ ಎತ್ತರದ್ದಲ್ಲ, ಕೆಲವು ಬರೀ ಉಪದೇಶ. ಆದರೂ ಪುಸ್ತಕ ಮುಟ್ಟದವರೂ ಬಾಯಲ್ಲಿ ಹೇಳ್ತಾರೆ. ಆ ಅಳತೆ ಇರದೆ ಅದೇ ಬುದ್ಧಿಮಾತು ಇಷ್ಟು ದಿನ ಬಾಯಲ್ಲಿ ಉಳೀತಿತ್ತಾ?

ಕಗ್ಗದ ಒಂದು ಪದ್ಯದ ಮೊದಲ ಸಾಲನ್ನು ಎಣಿಸಿ ನೋಡಿ: ಐದು ಮಾತ್ರೆಯ ನಾಲ್ಕು ಗುಂಪು, ಒಟ್ಟು 20. 'ಜೈಮಿನಿ ಭಾರತ'ದ ವಾರ್ಧಕ ಷಟ್ಪದಿಯ ಚಿಕ್ಕ ಸಾಲೂ ಅಷ್ಟೇ. ಅದನ್ನು ಬರೆದ ಲಕ್ಷ್ಮೀಶ ಕಡೂರು ತಾಲ್ಲೂಕಿನ ದೇವನೂರಿನವನು. ಅಂತರಘಟ್ಟೆ ದುರ್ಗಮ್ಮನ ಜಾತ್ರೆಗೆ ಗಾಡಿ ಕಟ್ಟುವ ನಮ್ಮ ಸೀಮೆಯವನೇ. ಹಳ್ಳಿಗಳಲ್ಲಿ ಒಬ್ಬರು ಓದಿ ಹತ್ತು ಜನ ಕೇಳುತ್ತಿದ್ದ ಕಾವ್ಯ ಅದು. ಅಕ್ಷರ ಬಾರದವರ ಕಿವಿಯಲ್ಲೂ ಆ ಐದರ ನಡೆ ಇತ್ತು. ಊರಿಂದ ಬೆಂಗಳೂರಿಗೆ ಬಂದ ನಮ್ಮಂಥವರು ಕಳಕೊಂಡದ್ದು ಅದನ್ನ. ಊರಿನ ಬಗ್ಗೆ ಎಷ್ಟು ಬರೆದರೂ ಆ ನಡೆ ತಾನಾಗಿ ವಾಪಸ್ ಬರಲ್ಲ.

"ನವ್ಯರು ಇದನ್ನೆಲ್ಲ ಮುರಿದು ಹಾಕಿದ್ರಲ್ಲ" ಅನ್ನಬಹುದು. 1954ರ 'ಚಂಡೆಮದ್ದಳೆ'ಯಲ್ಲಿ ಅಡಿಗರು ಮುರಿದರು. ಆದರೆ 1946ರ 'ಭಾವತರಂಗ' ಓದಿ. ಮುರಿಯೋ ಮೊದಲು ಅವರ ಕೈಯಲ್ಲಿ ಏನಿತ್ತು ಅಂತ ಕಾಣುತ್ತೆ. ಅವರ ಮುರಿದ ಸಾಲಿನಲ್ಲೂ ಲಯ ಕೇಳುತ್ತೆ. ನಮ್ಮದರಲ್ಲಿ ಎಂಟರ್ ಕೀ ಮಾತ್ರ ಕೇಳುತ್ತೆ.

ಹಾಗಾಗಿ ತಡವಾಯ್ತು ಅಂತ ಕೊರಗಬೇಕಿಲ್ಲ. ಇಷ್ಟವಾದ ಬೇರೆ ಭಾಷೆಯ ಒಂದು ಪದ್ಯ ತಗೊಂಡು ಕನ್ನಡಕ್ಕೆ ತನ್ನಿ. ಬೆರಳು ಮಡಿಚಿ ಮಾತ್ರೆ ಎಣಿಸಿ, ಗಟ್ಟಿಯಾಗಿ ಓದಿ. ನಾಲ್ಕು ಸಾಲಿಗೆ ಒಂದು ತಿಂಗಳು ಹಿಡಿದರೂ ಹಿಡೀಲಿ.