ಸತ್ತು ಮನೆಗೆ ಬರುವ ಆಟ

ಜಾಗ್ರಿಯಸ್ ರಕ್ತದ ಕೊಳದಿಂದ ಮೇಲೆದ್ದು, ಮೈ ಕೊಡವಿಕೊಂಡು, ಅಪ್ಪನ ಅರಮನೆಯ ಹಜಾರಕ್ಕೆ ಬರುತ್ತಾನೆ. ಅಲ್ಲಿ ಸದಾ ತೂಕಡಿಸುವ ಹಿಪ್ನೋಸ್ ಕೈಯಲ್ಲಿನ ಪಟ್ಟಿ ನೋಡಿ, ಈ ಸಲ ಯಾರ ಕೈಯಲ್ಲಿ ಸತ್ತೆ ಎಂದು ಓದಿ ಹೇಳುತ್ತಾನೆ. ಜೊತೆಗೆ ಯಾರೂ ಕೇಳದ ಒಂದು ಬುದ್ಧಿಮಾತು. ದೊಡ್ಡ ಮೇಜಿನ ಹಿಂದೆ ಪಾತಾಳದ ದೊರೆ ಹೇಡೀಸ್ ಕಡತ ತಿರುವುತ್ತ ಕೂತಿದ್ದಾನೆ. ಮಗ ಸತ್ತು ಬಂದನೆಂದು ಕೆಲಸ ನಿಲ್ಲಿಸುವ ಅಪ್ಪನಲ್ಲ. ಆಚೆ ಬದಿಯ ಪಡಸಾಲೆಗೆ ಹೋದರೆ, ಈಗಷ್ಟೇ ಚಾಟಿ ಬೀಸಿ ನನ್ನನ್ನು ಮುಗಿಸಿದ ಮೆಗೇರಾ ಕುಡಿಯಲು ಏನನ್ನೋ ಮುಂದಿಟ್ಟುಕೊಂಡು ಒಬ್ಬಳೇ ಇದ್ದಾಳೆ. ಹತ್ತಿರ ಹೋಗಿ ಮಾತಾಡಿಸಬಹುದು. ಕೊಂದವಳಿಗೂ ಸತ್ತವನಿಗೂ ಸ್ವಲ್ಪ ಮುಜುಗರ.

ಮೊದಲ ಸಲ ಇದನ್ನು ನೋಡಿದಾಗ ನನಗೆ ನಗು ಬಂತು. ಗೇಮುಗಳಲ್ಲಿ ಸಾಯುವುದು ಎಂದರೆ ಕತೆಯ ನಡುವೆ ಕರೆಂಟು ಹೋದ ಹಾಗೆ. ಪರದೆ ಕಪ್ಪಾಗುತ್ತದೆ, ಹಿಂದೆ ನಿಂತಿದ್ದ ಜಾಗಕ್ಕೆ ಮರಳುತ್ತೇವೆ, ನಡುವೆ ಏನೂ ಆಗಲಿಲ್ಲವೆಂದು ಎಲ್ಲರೂ ನಟಿಸುತ್ತೇವೆ. ಜಾಗ್ರಿಯಸ್ ಪಾತಾಳದಿಂದ ತಪ್ಪಿಸಿಕೊಳ್ಳಲು ಹೆಣಗುವ ‘ಹೇಡೀಸ್’ ಆಟದಲ್ಲಿ ಸಾಯುವುದೆಂದರೆ ಮನೆಗೆ ಬರುವುದು. ಮನೆಗೆ ಬಂದರೆ ಮಾತು ಮುಂದುವರಿಯುತ್ತದೆ. ಆಮೇಲಾಮೇಲೆ ನಾನು ಬೇಗ ಸತ್ತರೂ ಬೇಸರಪಡದಂತಾದೆ. ರಾತ್ರಿದೇವತೆ ನಿಕ್ಸ್ ಏನೋ ಹೇಳುವುದು ಬಾಕಿಯಿತ್ತಲ್ಲ, ಕೇಳೋಣ ಎಂಬ ಲೆಕ್ಕ.

ಈ ಆಟ ಮಾಡಿದ ಸೂಪರ್‌ಜೈಂಟ್ ಗೇಮ್ಸ್ ಹೆಸರಿಗಷ್ಟೇ ದೈತ್ಯ. 2009ರಲ್ಲಿ ಅಮೀರ್ ರಾವ್ ಮತ್ತು ಗ್ಯಾವಿನ್ ಸೈಮನ್ ಇಲೆಕ್ಟ್ರಾನಿಕ್ ಆರ್ಟ್ಸ್‌ನ ಲಾಸ್ ಏಂಜಲೀಸ್ ಸ್ಟುಡಿಯೋದ ಕೆಲಸ ಬಿಟ್ಟು, ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ರಾವ್ ಅವರ ತಂದೆಯ ಮನೆಯಲ್ಲೇ ಕೆಲಸಕ್ಕೆ ಕೂತರು. ಗೇಮ್ ವಿಮರ್ಶೆ ಬರೆದುಕೊಂಡಿದ್ದ ಗ್ರೆಗ್ ಕಸಾವಿನ್ ಕತೆಗಾರರಾಗಿ ಬಂದರು, ಜೆನ್ ಝೀ ಚಿತ್ರಕ್ಕೆ. ಸಂಗೀತ ಮಾಡಿದ ಡ್ಯಾರೆನ್ ಕೋರ್ಬ್ ರಾವ್ ಅವರ ಬಾಲ್ಯದ ಗೆಳೆಯ. ನ್ಯೂಯಾರ್ಕಿನ ಫ್ಲ್ಯಾಟಿನಲ್ಲಿ ಬಟ್ಟೆಯ ಕಪಾಟನ್ನೇ ರೆಕಾರ್ಡಿಂಗ್ ಕೋಣೆ ಮಾಡಿಕೊಂಡು, ಜೊತೆಗಿದ್ದ ನಟ ಲೋಗನ್ ಕನಿಂಗ್‌ಹ್ಯಾಮ್‌ನ ದನಿಯನ್ನು ಅದರೊಳಗೆ ಹಿಡಿದವನು. ಏಳು ಜನರ ಈ ತಂಡದ ಮೊದಲ ಆಟ ‘ಬಾಸ್ಟಿಯನ್’ 2011ರಲ್ಲಿ ಬಂತು.

ಬಾಸ್ಟಿಯನ್‌ನ ಗುಟ್ಟು ಆ ಕಪಾಟಿನಲ್ಲೇ ಇದೆ. ಆಡುವವನು ಮಾಡುವುದನ್ನೆಲ್ಲ ಗಡಸು ದನಿಯ ಒಬ್ಬ ನಿರೂಪಕ ಆಗಿಂದಾಗ್ಗೆ ಹೇಳುತ್ತ ಹೋಗುತ್ತಾನೆ. ಸುಮ್ಮನೆ ಸುತ್ತಿಗೆ ಬೀಸಿ ಕಂಡದ್ದನ್ನೆಲ್ಲ ಒಡೆಯುತ್ತ ನಿಂತರೆ ಅದಕ್ಕೊಂದು ಮಾತು, ಅಂಚಿನಿಂದ ಕೆಳಗೆ ಬಿದ್ದರೆ ಅದಕ್ಕೊಂದು. ಯಕ್ಷಗಾನ ನೋಡಿ ಬೆಳೆದವರಿಗೆ ಇದು ಹೊಸತಲ್ಲ: ವೇಷದ ಹೆಜ್ಜೆ ನೋಡಿಕೊಂಡೇ ಭಾಗವತರ ದನಿ ಏರುವುದು. ಕಂಪ್ಯೂಟರಿಗೆ ಮಾತ್ರ ಕಣ್ಣಂದಾಜು ಇಲ್ಲ. ಆಡುವವನು ಏನೇನು ಮಾಡಬಹುದೆಂದು ಮೊದಲೇ ಊಹಿಸಿ ಸುಮಾರು 3,000 ಮಾತು ಬರೆದಿಟ್ಟುಕೊಳ್ಳಬೇಕಾಯಿತು.

ಬಾಸ್ಟಿಯನ್ ಲಕ್ಷಗಟ್ಟಲೆ ಮಾರಾಟವಾಯಿತು. ಇಂಥ ಗೆಲುವಿನ ಮೇಲೆ ಸಾಮಾನ್ಯವಾಗಿ ನಡೆಯುವುದು ಗೊತ್ತೇ ಇದೆ: ಬಾಸ್ಟಿಯನ್ ಎರಡು, ಬಾಸ್ಟಿಯನ್ ಮೂರು, ದೊಡ್ಡ ಕಚೇರಿ, ನೂರು ಜನ. ಇವರು ಅದರ ಬದಲು 2014ರಲ್ಲಿ ‘ಟ್ರಾನ್ಸಿಸ್ಟರ್’ ಮಾಡಿದರು. ದನಿ ಕಳೆದುಕೊಂಡ ಗಾಯಕಿ, ಮಾತಾಡುವ ಖಡ್ಗ. ಕಣ್ಣಿಗೆ, ಕಿವಿಗೆ ಇವರ ಆಟಗಳಲ್ಲೇ ಅತಿ ಚೆಲುವಾದದ್ದು. ಆದರೆ ಮಾತಿಗೆ ಯಾರೂ ಸಿಗದ ಊರಿನಲ್ಲಿ ಸುತ್ತಿ ಬಂದ ಹಾಗೆ ಕೈ ತಣ್ಣಗಾಗುತ್ತದೆ. ಅದನ್ನು ಮೆಚ್ಚಿದೆ, ಎರಡನೇ ಸಲ ಆಡಲಿಲ್ಲ.

2017ರ ‘ಪೈರ್’ ಬಗ್ಗೆ ಕೊಂಚ ನಿಲ್ಲಬೇಕು. ಇವರ ಆಟಗಳಲ್ಲಿ ಅತಿ ಕಡಿಮೆ ಜನ ಮಾತಾಡುವುದು ಇದರ ಬಗ್ಗೆ, ನನ್ನ ಪ್ರಕಾರ ಅತಿ ಧೈರ್ಯದ್ದೂ ಇದೇ. ಓದು ಬರುತ್ತದೆಂಬ ಒಂದೇ ತಪ್ಪಿಗೆ ಗಡಿಪಾರಾದವನು ಇಲ್ಲಿನ ನಾಯಕ. ಮೂವರ ತಂಡ ಕಟ್ಟಿ ಎದುರಾಳಿ ಮೂವರ ವಿರುದ್ಧ ಚೆಂಡಾಟದಂಥ ಒಂದು ವಿಧಿ ಆಡಬೇಕು. ನಿರ್ಣಾಯಕ ಪಂದ್ಯ ಗೆದ್ದರೆ ನಮ್ಮವರಲ್ಲಿ ಒಬ್ಬರಿಗೆ ಬಿಡುಗಡೆ, ಅವರು ಊರಿಗೆ ಮರಳುತ್ತಾರೆ. ಅಂದರೆ ತಂಡ ಬಿಟ್ಟು ಹೋಗುತ್ತಾರೆ. ಗಂಟೆಗಟ್ಟಲೆ ಪಳಗಿಸಿದ ಆಟಗಾರನನ್ನು ಕಳಿಸಲೋ, ಕೈಗೆ ಅಷ್ಟಾಗಿ ಒಗ್ಗದವನನ್ನು ಕಳಿಸಿ ಇವನನ್ನು ಉಳಿಸಿಕೊಳ್ಳಲೋ? ಮಗಳನ್ನು ಗಂಡನ ಮನೆಗೆ ಕಳಿಸುವ ಸಂಕಟವನ್ನು ಚೆಂಡಿನಾಟದಲ್ಲಿ ಅಡಗಿಸಿಟ್ಟವರು ಬೇರೆ ಯಾರಿದ್ದಾರೋ ನಾನರಿಯೆ. ಸೋತರೂ ಆಟ ನಿಲ್ಲುವುದಿಲ್ಲ. ಎದುರಾಳಿಗೆ ಬಿಡುಗಡೆಯಾಗುತ್ತದೆ, ಕತೆ ಆ ಸೋಲನ್ನು ಹೊತ್ತುಕೊಂಡೇ ಮುಂದೆ ಹೋಗುತ್ತದೆ. ಪೈರ್‌ನ ಕೊರತೆಯೆಂದರೆ ಆ ಚೆಂಡಾಟವೇ. ಹತ್ತನೇ ಪಂದ್ಯದ ಹೊತ್ತಿಗೆ ಕೈ ತನ್ನಷ್ಟಕ್ಕೆ ಆಡುತ್ತದೆ, ಮನಸ್ಸು ಮುಂದಿನ ಮಾತಿಗೆ ಕಾಯುತ್ತಿರುತ್ತದೆ.

ಆ ಕೊರತೆಗೆ ಉತ್ತರವಾಗಿ ಬಂದದ್ದು ಹೇಡೀಸ್. ಸೋಲನ್ನು ಕತೆಯೊಳಗೆ ತರುವ ಹಂಬಲ ಪೈರ್‌ನದು. ಅದಕ್ಕೆ ಈಗ ಸಾವಿರ ಸಲ ಆಡಿದರೂ ಸವೆಯದ ಹೊಡೆದಾಟ ಸೇರಿತು. ಸ್ಟುಡಿಯೋದ ಬೆಳವಣಿಗೆ ಎಂದರೆ ನನಗೆ ಇದು. ಹಿಂದಿನ ಆಟದಲ್ಲಿ ಕೈಕೊಟ್ಟ ಜಾಗಕ್ಕೆ ಅದೇ ಜನ ಮತ್ತೆ ಕೈ ಹಾಕುವುದು. ಅದಕ್ಕೆ ಮೊದಲು ಅದೇ ಜನ ಉಳಿದಿರಬೇಕು. ಹೇಡೀಸ್ ಹೊತ್ತಿಗೂ ಇವರು ಇಪ್ಪತ್ತು ಚಿಲ್ಲರೆ ಮಂದಿ, ಬಾಸ್ಟಿಯನ್ ಮಾಡಿದ ಏಳೂ ಮಂದಿ ಅಲ್ಲೇ ಇದ್ದರು. ವರ್ಷಕ್ಕೆ 20 ದಿನವಾದರೂ ರಜೆ ಹಾಕಲೇಬೇಕು, ಶುಕ್ರವಾರ ಸಂಜೆ ಐದರ ಮೇಲೆ ಇಮೇಲ್ ಕೂಡದು ಎಂಬ ನಿಯಮ ಮಾಡಿಕೊಂಡಿದ್ದರು. ಬಿಡುಗಡೆ ಹತ್ತಿರ ಬಂದಾಗ ತಿಂಗಳುಗಟ್ಟಲೆ ನಿದ್ದೆಗೆಡಿಸುವುದೇ ವಾಡಿಕೆಯಾದ ಉದ್ಯಮದಲ್ಲಿ ಇದು ಸಣ್ಣ ಮಾತಲ್ಲ.

ನಮ್ಮಲ್ಲಿ ಇನ್ನೊಂದು ಬಗೆಯ ಬೆಳವಣಿಗೆ ಇದೆ. 1997ರಲ್ಲಿ ಗೇಮಿಂಗಿಗೆ ಇಳಿದ ಬೆಂಗಳೂರಿನ ಧ್ರುವ ಇಂಟರಾಕ್ಟಿವ್ ಮುನ್ನೂರು ಜನರ ಸಂಸ್ಥೆಯಾಯಿತು. ಹೆಚ್ಚಿನ ಕೆಲಸ ಹೊರದೇಶದ ಸ್ಟುಡಿಯೋಗಳ ಆಟಗಳಿಗೆ ಕಾರು, ಕಟ್ಟಡ, ಪಾತ್ರಗಳ ಕಲೆ ಮಾಡಿಕೊಡುವುದು. 2019ರಲ್ಲಿ ಅದನ್ನು ರಾಕ್‌ಸ್ಟಾರ್ ಗೇಮ್ಸ್ ಕೊಂಡಿತು. ಅಲ್ಲಿನ ಕಸುಬುದಾರಿಕೆಗೆ ನಾನು ಕೈಮುಗಿಯುತ್ತೇನೆ. ಆದರೆ ಮುನ್ನೂರು ಜನರ ಹೊಟ್ಟೆ ಪ್ರತಿ ತಿಂಗಳೂ ತುಂಬಬೇಕಾದಾಗ ‘ಪೈರ್’ನಂಥ ಹುಚ್ಚು ಮಾಡಲು ಯಾರಿಗೆ ಧೈರ್ಯ ಬಂದೀತು?

ಹೇಡೀಸ್‌ಗೆ ಹಿಂದಿರುಗುತ್ತೇನೆ. 2018ರ ಡಿಸೆಂಬರಿನಲ್ಲಿ ಅದನ್ನು ಅರೆಬೆಂದ ಸ್ಥಿತಿಯಲ್ಲೇ, ‘ಅರ್ಲಿ ಆಕ್ಸೆಸ್’ ಎಂಬ ಹೆಸರಿನಲ್ಲಿ ಮಾರಾಟಕ್ಕಿಟ್ಟರು. ಜನ ಆಡುತ್ತ, ಬೈಯುತ್ತ, ಹೊಗಳುತ್ತ ಇದ್ದಂತೆ ತಿದ್ದಿದರು. ಮುಕ್ತಾಯವಿರುವ ಪೂರ್ಣ ಆವೃತ್ತಿ ಬಂದದ್ದು 2020ರ ಸೆಪ್ಟೆಂಬರಿನಲ್ಲಿ. ಮರುವರ್ಷ ಬಾಫ್ಟಾ ಪ್ರಶಸ್ತಿ ಬಂತು, ವೈಜ್ಞಾನಿಕ ಕಥಾಸಾಹಿತ್ಯಕ್ಕೆ ಕೊಡುವ ಹ್ಯೂಗೋ ಕೂಡ. ವಿಡಿಯೋ ಗೇಮ್ ಒಂದಕ್ಕೆ ಹ್ಯೂಗೋ ಸಿಕ್ಕಿದ್ದು ಅದೇ ಮೊದಲು.

ಆಟದಲ್ಲಿರುವ ಧ್ವನಿಮುದ್ರಿತ ಮಾತು 20,000ಕ್ಕೂ ಹೆಚ್ಚು. ತಾಳಮದ್ದಳೆಯಲ್ಲಿ ಅದೇ ಪ್ರಸಂಗ, ಅದೇ ಪದ್ಯ. ಇವತ್ತು ಕರ್ಣ ಆಡಿದ ಮಾತು ನಾಳೆಯ ಕೂಟದಲ್ಲಿರುವುದಿಲ್ಲ. ಹೇಡೀಸ್‌ನ ಸುಖ ಅಂಥದು. ಪಾತಾಳದ ಅದೇ ಟಾರ್ಟರಸ್, ಅದೇ ಆಸ್ಫೊಡೆಲ್, ಬಾಗಿಲಲ್ಲಿ ಅದೇ ಮೆಗೇರಾ, ಆದರೆ ಅರ್ಥಗಾರಿಕೆ ಬೇರೆ. ಹೋದ ಸಲ ಏನಾಯಿತೆಂದು ಅವಳಿಗೆ ನೆನಪಿದೆ. ಜಾಗ್ರಿಯಸ್‌ನ ದನಿ ಸಂಗೀತಗಾರ ಕೋರ್ಬ್‌ನದೇ. ಹೇಡೀಸ್, ಅಕಿಲೀಸ್, ಪೊಸೈಡನ್ ಎಲ್ಲ ಕನಿಂಗ್‌ಹ್ಯಾಮ್. ಅಂದರೆ ಅಪ್ಪ ಮಗ ಜಗಳವಾಡುವಾಗ ಕಾದಾಡುವುದು ಕಪಾಟಿನ ಆ ಇಬ್ಬರು ಗೆಳೆಯರೇ.

ಕೈ ಚುರುಕಿಲ್ಲದ ನನ್ನಂಥವರಿಗೆ ‘ಗಾಡ್ ಮೋಡ್’ ಇದೆ. ಒತ್ತಿದರೆ ಏಟಿನ ಪೆಟ್ಟು ಶೇ. 20ರಷ್ಟು ಕಡಿಮೆಯಾಗುತ್ತದೆ, ಸತ್ತಾಗಲೆಲ್ಲ ಇನ್ನೂ ಶೇ. 2, ಶೇ. 80ರವರೆಗೆ. ಸುಲಭ-ಕಷ್ಟ ಎಂಬ ಎರಡು ಬಾಗಿಲಿಟ್ಟು ಮಾನ ಕಳೆಯುವ ಬದಲು, ಸತ್ತಷ್ಟೂ ಮೈ ಗಟ್ಟಿಯಾಗುವ ಏರ್ಪಾಡು. ಸಂಕೋಚವಿಲ್ಲದೆ ಒತ್ತಿದೆ.

ತಕರಾರು ಇಲ್ಲವೆಂದಲ್ಲ. ಸ್ನೇಹ ಬೆಳೆಸಲು ಇಲ್ಲಿ ಮಕರಂದದ ಶೀಸೆ ಕೊಡಬೇಕು. ಇಷ್ಟು ಶೀಸೆಗೆ ಇಷ್ಟು ಹೃದಯದ ಗುರುತು ತುಂಬುತ್ತದೆ. ಸಂಭಾಷಣೆ ಅಷ್ಟು ನವುರಾಗಿರುವಾಗ ಈ ಕಿರಾಣಿ ಅಂಗಡಿಯ ಲೆಕ್ಕ ಯಾಕೆ? ಮುಖ್ಯ ಕತೆ ಮುಗಿದ ಮೇಲಿನ ಉತ್ತರಕಾಂಡವಂತೂ ದೇವತೆಗಳಿಗೆ ಸರದಿಯಂತೆ ಕಪ್ಪ ಒಪ್ಪಿಸುವ ಕೆಲಸ.

ಇನ್ನೂ ಗಂಭೀರವಾದ ಅನುಮಾನ ಹುಟ್ಟಿದ್ದು ‘ಹೇಡೀಸ್ 2’ ಆಡುವಾಗ. ಇದು ಇವರ ಮೊದಲ ಮುಂದುವರಿಕೆ. 2024ರ ಮೇ ತಿಂಗಳಲ್ಲಿ ಅರೆಬೆಂದದ್ದು, 2025ರ ಸೆಪ್ಟೆಂಬರಿನಲ್ಲಿ ಪೂರ್ತಿ. ನಾಯಕಿ ಮೆಲಿನೋ ಜಾಗ್ರಿಯಸ್‌ನ ತಂಗಿ, ಶತ್ರು ಅಜ್ಜ ಕ್ರೋನೋಸ್. ದಾರಿ ಎರಡಾಗಿದೆ, ಆಯುಧ, ಮಂತ್ರ, ಮಾತು ಎಲ್ಲ ಹೆಚ್ಚಾಗಿದೆ, ಕಸುಬು ಇನ್ನೂ ನಯವಾಗಿದೆ. ಮದುವೆ ಊಟದ ಎಲೆಯ ಹಾಗೆ: ಯಾವುದನ್ನೂ ಬೇಡವೆನ್ನಲಾಗದು, ಏಳುವಾಗ ಯಾವುದರ ರುಚಿಯೂ ನಾಲಿಗೆಯಲ್ಲಿ ಉಳಿದಿರುವುದಿಲ್ಲ. ಮುಕ್ತಾಯ ಅವಸರದ್ದು, ಅಷ್ಟು ಹೋರಾಟಕ್ಕೆ ತಕ್ಕದ್ದಲ್ಲ ಎಂದು ಹಲವರು ಗೊಣಗಿದರು, ನಾನೂ ಗೊಣಗಿದೆ. ಕೆಲವೇ ವಾರಗಳಲ್ಲಿ ಅದಕ್ಕೆ ದೃಶ್ಯ, ಮಾತು ಸೇರಿಸಿ ತಿದ್ದಿದ ಅಪ್‌ಡೇಟ್ ಬಂತು.

ಅರೆಬೆಂದ ಅಡುಗೆಗೆ ಉಪ್ಪು ಹುಳಿ ಹೇಳುವುದು ಸರಿ. ಬಡಿಸಿ ಆದ ಮೇಲೂ ಎಲೆಯಿಂದ ಎತ್ತಿಕೊಂಡು ಹೋಗಿ ಒಗ್ಗರಣೆ ಹಾಕಿದರೆ? ಪೈರ್‌ನಲ್ಲಿ ನೆಚ್ಚಿನ ಆಟಗಾರನನ್ನು ಬಿಟ್ಟುಕೊಡಬೇಕಾಗುವ ನಿಯಮ ಮಾಡುವಾಗ ಇವರು ನನ್ನನ್ನು ಕೇಳಿರಲಿಲ್ಲ. ಕೇಳಿದ್ದರೆ ಬೇಡವೆನ್ನುತ್ತಿದ್ದೆ, ಆ ಆಟ ಹಾಳಾಗುತ್ತಿತ್ತು. ನನ್ನ ನಿಂಟೆಂಡೊ ಸ್ವಿಚ್ಚಿನಲ್ಲಿ ಹೇಡೀಸ್ 2ರ ಆ ಅಪ್‌ಡೇಟ್ ಇನ್ನೂ ಹಾಕಿಲ್ಲ. ಹಳೆಯ ಮುಕ್ತಾಯದ ಜೊತೆ ನನ್ನ ಜಗಳ ಇನ್ನೂ ಮುಗಿದಿಲ್ಲ.