ನೊಣದ ಹೆಸರು ಹೇಳುವ ಮುನ್ನ

ಬೇಸಿಗೆ ಏರುತ್ತಿದ್ದಂತೆ ಬೆಳಗಾವಿ ಜಿಲ್ಲೆಯ ಉಗಾರ ಖುರ್ದದ ಎಳೆಗಬ್ಬಿನಲ್ಲಿ ಅಲ್ಲಲ್ಲಿ ಸುಳಿ ಒಣಗತೊಡಗುತ್ತದೆ. ಒಣಗಿದ ಸುಳಿಯನ್ನು ಹಿಡಿದೆಳೆದರೆ ಸಲೀಸಾಗಿ ಕೈಗೆ ಬರುತ್ತದೆ; ಅದರ ಬುಡ ಕೊಳೆತು ನಾರುತ್ತಿರುತ್ತದೆ. ಇದು ಸುಳಿಕೊರಕ ಹುಳುವಿನ ಕೆಲಸ. ಅದೇ ಪೈರಿನ ಎಲೆಯ ಮೇಲೆ ಮೈತುಂಬ ಬಿರುಗೂದಲಿನ ಬೂದು ನೊಣವೊಂದು ಕೂತಿದ್ದರೆ ಇಂದಿನ ರೈತ ಮೊಬೈಲ್ ತೆಗೆಯುತ್ತಾನೆ. ಫೋಟೋ ನೋಡಿ ಆ್ಯಪ್ ಒಂದು ಹೆಸರನ್ನೂ ಹೇಳುತ್ತದೆ. ಆ ಹೆಸರನ್ನು ಎಷ್ಟು ನಂಬಬೇಕು?

ಫೋಟೋ ಚೆನ್ನಾಗಿದ್ದರೆ ಕುಟುಂಬದ ಮಟ್ಟದವರೆಗೆ ನಂಬಬಹುದು. ಬೇರೆ ಹುಳುಗಳ ಮೈಯೊಳಗೆ ಬೆಳೆಯುವ ಟ್ಯಾಕಿನಿಡ್ ಕುಟುಂಬದ ನೊಣವನ್ನು ಪಕ್ಕದಿಂದ ನೋಡಿದರೆ ಬೆನ್ನಿನ ಗುರಾಣಿಯ ಕೆಳಗೆ ಒಂದು ಉಬ್ಬು ಕಾಣುತ್ತದೆ. ಅದರಂತೆಯೇ ತೋರುವ ಮಾಂಸನೊಣದಲ್ಲಿ ಈ ಉಬ್ಬು ಎದ್ದು ಕಾಣುವುದಿಲ್ಲ. ಮಾಂಸನೊಣದ ಬೆನ್ನ ಮೇಲೆ ಮೂರು ಕಪ್ಪು ಗೆರೆ, ಹೊಟ್ಟೆಯ ಮೇಲೆ ಚದುರಂಗದ ಮನೆಗಳು ಇರುತ್ತವೆ. ಆದರೆ ನಾವು ತೆಗೆಯುವ ಫೋಟೋಗಳಲ್ಲಿ ಹೆಚ್ಚಿನವು ಮೇಲಿನಿಂದ ತೆಗೆದವು. ನೋಡಲೇಬೇಕಾದ ಉಬ್ಬು ಅವುಗಳಲ್ಲಿ ರೆಕ್ಕೆಯಡಿ ಮರೆಯಾಗಿರುತ್ತದೆ. ಪ್ರಭೇದದ ಮಟ್ಟಕ್ಕೆ ಇಳಿಯಬೇಕಾದರೆ ಬಿರುಗೂದಲುಗಳ ಎಣಿಕೆ ಬೇಕು, ಗಂಡಿನ ಜನನಾಂಗದ ಆಕಾರ ಬೇಕು. ಅದು ಸೂಕ್ಷ್ಮದರ್ಶಕದ ಕೆಲಸ.

ಮಾದರಿ ಕೈಯಲ್ಲಿದ್ದವರೂ ಇಲ್ಲಿ ಎಡವಿದ್ದಾರೆ. 1980ರಲ್ಲಿ ಪಶ್ಚಿಮ ಬಂಗಾಳದಿಂದ ಕರ್ನಾಟಕಕ್ಕೆ ಬಂದು ರೇಷ್ಮೆ ಬೆಳೆಗಾರರನ್ನು ಕಂಗೆಡಿಸಿದ ಊಜಿ ನೊಣವನ್ನು ಬರಹಗಳಲ್ಲಿ ಒಮ್ಮೆ ಎಕ್ಸೊರಿಸ್ಟಾ ಸಾರ್ಬಿಲನ್ಸ್ ಎಂದೂ ಇನ್ನೊಮ್ಮೆ ಎಕ್ಸೊರಿಸ್ಟಾ ಬಾಂಬಿಸಿಸ್ ಎಂದೂ ಕರೆದರು.

ಕಬ್ಬಿನ ಹೊಲದ ಮಿತ್ರ ಸ್ಟರ್ಮಿಯೋಪ್ಸಿಸ್ ಇನ್ಫೆರೆನ್ಸ್ ಕೂಡ ಊಜಿಯಂತೆ ಟ್ಯಾಕಿನಿಡ್ ಕುಟುಂಬದ್ದೇ. ಫೋಟೋದಲ್ಲಿ ಎರಡೂ ಬಿರುಗೂದಲಿನ ಬೂದು ನೊಣಗಳೇ. ಆದರೆ ಅವುಗಳ ನಡೆ ಬೇರೆ. ಊಜಿ ರೇಷ್ಮೆಹುಳುವಿನ ಚರ್ಮದ ಮೇಲೆಯೇ ಮೊಟ್ಟೆ ಅಂಟಿಸುತ್ತದೆ. ಸ್ಟರ್ಮಿಯೋಪ್ಸಿಸ್ ಸುಳಿಕೊರಕ ಹೊರತಳ್ಳಿದ ಹಿಕ್ಕೆಯ ಬಳಿ ಜೀವಂತ ಮರಿಗಳನ್ನು ಬಿಡುತ್ತದೆ; ಅವು ತೆವಳುತ್ತ ರಂಧ್ರದೊಳಗೆ ಹೋಗಿ ಹುಳುವಿನ ಮೈ ಹೊಗುತ್ತವೆ. ಒಂದು ಗೂಡನ್ನು ಕೆಡಿಸುತ್ತದೆ, ಇನ್ನೊಂದು ಕಬ್ಬನ್ನು ಕಾಯುತ್ತದೆ. ಯಾವ ಹುಳುವಿನಿಂದ ಹೊರಬಂತು ಎಂಬುದೇ ಇಂಥ ನೊಣದ ಮೊದಲ ಗುರುತು. ಎಲೆಯ ಮೇಲೆ ಕೂತ ನೊಣದ ಫೋಟೋದಲ್ಲಿ ಇಲ್ಲದಿರುವುದು ಅದೇ.

ಹಾಗೆಂದು ಫೋಟೋ ತೆಗೆಯುವುದನ್ನು ನಾನು ಹಳಿಯಲಾರೆ. ಇಷ್ಟೊಂದು ಕಣ್ಣುಗಳು ಹೊಲದ ನೊಣಗಳ ಮೇಲೆ ನೆಟ್ಟಿದ್ದು ಹಿಂದೆಂದೂ ಇಲ್ಲ. ನನ್ನ ತಕರಾರು ಅವಸರದಲ್ಲಿ ಇಡುವ ಹೆಸರಿನ ಬಗ್ಗೆ ಮಾತ್ರ. ಮೇಲಿನಿಂದ, ಪಕ್ಕದಿಂದ, ಮುಖದ ಕಡೆಯಿಂದ ಮೂರು ಚಿತ್ರ ತೆಗೆಯೋಣ. ಒಣಸುಳಿಯೊಳಗಿನ ಹುಳುವನ್ನು ಕಬ್ಬಿನ ತುಂಡಿನೊಂದಿಗೆ ಬಾಟಲಿಗೆ ಹಾಕಿ, ಬಾಯಿಗೆ ತೆಳುಬಟ್ಟೆ ಕಟ್ಟಿ ಕಾಯೋಣ. ಹುಳು ಸತ್ತು ಅದರ ಪಕ್ಕ ಕಂದು ಕೋಶ ಕಂಡರೆ, ಅದರಿಂದ ಹೊರಬರುವ ನೊಣಕ್ಕೆ ಊರು, ದಿನಾಂಕ, ಆಶ್ರಯ ಹುಳುವಿನ ಹೆಸರು ಬರೆದು ಚೀಟಿ ಅಂಟಿಸೋಣ. ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋದಂಥ ಸಂಸ್ಥೆಯ ತಜ್ಞರಿಗೆ ನೂರು ಚಂದದ ಫೋಟೋಗಳಿಗಿಂತ ಆ ಒಂದು ಬಾಟಲಿ ಹೆಚ್ಚು ಹೇಳುತ್ತದೆ.

ಅಲ್ಲಿಯವರೆಗೆ ‘ಟ್ಯಾಕಿನಿಡ್, ಪ್ರಭೇದ ತಿಳಿಯದು’ ಎಂದು ಬರೆದಿಡುವುದೇ ಸರಿಯಾದ ಉತ್ತರ. ಔಷಧ ಹೊಡೆಯುವ ಕೈಯನ್ನು ಒಂದು ದಿನ ತಡೆದು ಒಣಸುಳಿ ಸೀಳಿ ನೋಡಲು ಅಷ್ಟು ತಿಳಿದಿದ್ದರೂ ಸಾಕು.